ಹಾಲೂಡಿಸುವ ಪರೀಕ್ಷೆ

ಶಿಷ್ಯೆ ಕೇಳಿದಳು: "ಗುರುಗಳೇ, ದಾದಿಯರನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಲೂಡಿಸುವ ತಾಯಿಗೆ ನೆರವಾಗುವ ಕೌಶಲ ಯಾರಲ್ಲಿ ಎಷ್ಟಿದೆ ಎಂದು ಹೇಗೆ ತಿಳಿಯಲಿ?"

ಗುರು ಹೇಳಿದರು:

ಒಂದು ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ದಾದಿ ಇದ್ದಳು. ಅವಳ ಕೈ ಬಲು ಚುರುಕು. ಎಷ್ಟೇ ರಚ್ಚೆ ಹಿಡಿದ ಕೂಸಾದರೂ ಅವಳು ತಾಯಿಯ ಎದೆಗೆ ಹಿಡಿಸಿದರೆ ತೆಪ್ಪಗೆ ಹಾಲು ಕುಡಿಯುತ್ತಿತ್ತು. ಅವಳ ಕೆಲಸ ನೋಡಲು ಒಬ್ಬ ಪರೀಕ್ಷಕ ಬಂದ. ಒಳ್ಳೆಯವನೇ, ಆದರೆ ಅವಸರದವನು. ಇಂಥ ಒಳ್ಳೆಯವರನ್ನು ಕಂಡರೆ ನನಗೆ ಭಯ.

ಚೊಚ್ಚಲ ಬಾಣಂತಿಯೊಬ್ಬಳ ಮಂಚದ ಬಳಿ ಪರೀಕ್ಷೆ ನಡೆಯಿತು. ದಾದಿ ಕೂಸನ್ನು ಹಿಡಿದಳು, ತಾಯಿಯ ಎದೆಯನ್ನೂ ತಾನೇ ಹಿಡಿದಳು. ಕೂಸು ಅಗಲವಾಗಿ ಬಾಯಿ ತೆರೆದ ಗಳಿಗೆ ನೋಡಿ ಎದೆಗೆ ಸೇರಿಸಿದಳು. ಎಲ್ಲಿಯೂ ತಪ್ಪಿಲ್ಲ. ತಾಯಿಯ ಕೈಗಳು ಮಾತ್ರ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಅಕ್ಕಾ, ಒಂದ್ಸಲ ನಾನೇ ಹಿಡ್ಕೊಂಡು ನೋಡ್ಲಾ?" ಎಂದಳು ತಾಯಿ.

"ನೀನ್ ಅಲ್ಲಾಡ್ಬೇಡ ಕಣಮ್ಮ, ಸಾಹೇಬ್ರು ನೋಡ್ತಿದಾರೆ," ಎಂದಳು ದಾದಿ.

ಪರೀಕ್ಷಕ ದಾದಿಗೆ ಪೂರ್ತಿ ಅಂಕ ಕೊಟ್ಟು ಮುಂದಿನ ಊರಿಗೆ ಹೋದ. ತಾಯಿ ಕೂಸನ್ನೆತ್ತಿಕೊಂಡು ಮನೆಗೆ ಹೋದಳು. ಮನೆಯಲ್ಲಿ ದಾದಿಯ ಕೈ ಇರಲಿಲ್ಲ. ಕೂಸು ತೊಟ್ಟಿನ ತುದಿಯನ್ನಷ್ಟೇ ಕಚ್ಚಿತು. ತೊಟ್ಟು ಒಡೆದು ರಕ್ತ ಬಂತು. ಹಾಲಿಗೇನೂ ಕೊರತೆ ಇರಲಿಲ್ಲ, ರವಿಕೆ ತೊಯ್ದುಹೋಗುತ್ತಿತ್ತು. ಕೂಸಿನ ಹೊಟ್ಟೆಗೆ ಮಾತ್ರ ಇಳಿಯಲಿಲ್ಲ. ಹಾಲು ಹೆಚ್ಚಲಿ ಎಂದು ಮನೆಯವರು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿಸಿದರು. ಆದರೂ ಅಳು ನಿಲ್ಲದಿದ್ದಾಗ, ಇವಳಿಗೆ ಹಾಲೇ ಇಲ್ಲ ಎಂದುಬಿಟ್ಟರು. ಕೂಸು ಕುಡಿಯದ ಹಾಲು ಮೆಲ್ಲಗೆ ಬತ್ತಿತು. ಮನೆಯವರ ಮಾತೇ ನಿಜವಾದಂತೆ ಕಂಡಿತು.

ಡಬ್ಬಿಯ ಹಾಲಿನ ಪುಡಿಗೆ ಕಾಯಿಸದ ನೀರನ್ನು ಸಿಕ್ಕಾಪಟ್ಟೆ ಬೆರೆಸಿ ಬಾಟಲಿಯಲ್ಲಿ ಕುಡಿಸಿದರು. ಕೂಸಿಗೆ ಭೇದಿ ಹತ್ತಿತು. ಹೇಳಲು ನನಗೇ ಸಂಕಟವಾಗುತ್ತದೆ, ಕೂಸು ಉಳಿಯಲಿಲ್ಲ. ನಾಮಕರಣಕ್ಕೆಂದು ನೆಂಟರ ಮನೆಯಿಂದ ತಂದಿದ್ದ ತೊಟ್ಟಿಲನ್ನು ಕಟ್ಟದೆಯೇ ಹಿಂದಕ್ಕೆ ಕೊಟ್ಟರು.

ಶಿಷ್ಯೆ ಕಣ್ಣೊರೆಸಿಕೊಂಡಳು. ಹಾಗಾದರೆ ಆ ಪರೀಕ್ಷೆಯಲ್ಲಿ ನಪಾಸಾದವರು ಯಾರು, ದಾದಿಯೋ ಪರೀಕ್ಷಕನೋ ಎಂದು ಕೇಳಿದಳು.

ಗುರು ಹೇಳಿದರು: "ಅವರಿಬ್ಬರಿಗೆ ಈ ಸುದ್ದಿಯೇ ತಲುಪಿಲ್ಲ, ನಪಾಸಾದದ್ದು ತಾನೇ ಎಂದು ಆ ತಾಯಿ ಇಂದಿಗೂ ನಂಬಿದ್ದಾಳೆ."