ಸೂಲಗಿತ್ತಿಯೂ ಉಚಿತವೆಂಬ ಮಾತೂ

"ಗುರುಗಳೇ, ಪುಕ್ಕಟೆ ಸಿಕ್ಕ ವಕೀಲರನ್ನು ಜನ ನಂಬುವುದೇ ಇಲ್ಲ. ಅಂಥ ನೆರವಿನಿಂದ ಏನು ಪ್ರಯೋಜನ?" ಎಂದು ಕಸ್ತೂರಿ ಕೇಳಿದಳು.

ಅವಳು ಹೊಸ ವಕೀಲೆ. ತಾಲ್ಲೂಕು ನ್ಯಾಯಾಲಯದ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ವಾರಕ್ಕೆ ಎರಡು ದಿನ ಕುಳಿತುಕೊಳ್ಳುತ್ತಿದ್ದಳು. ವಯಸ್ಸಾದವರು, ದಿಕ್ಕಿಲ್ಲದ ಸಂಸಾರದವರು ಅಲ್ಲಿಗೆ ಬರುತ್ತಿದ್ದರು. ಆ ಬೆಳಿಗ್ಗೆ ಒಬ್ಬ ಮುದುಕ ಅವಳ ಮಾತನ್ನು ಅರ್ಧ ಗಂಟೆ ಕೇಳಿ, ಎದ್ದು ನಿಂತು, "ಬಹಳ ಚೆನ್ನಾಗಿ ಹೇಳಿದೆ ತಾಯಿ, ಇನ್ನು ನಿಜವಾದ ವಕೀಲರು ಎಲ್ಲಿ ಸಿಗುತ್ತಾರೆ ಹೇಳು" ಎಂದಿದ್ದ. ಆ ಕೋಣೆಯ ಪಟ್ಟಿಯಿಂದ ತನ್ನ ಹೆಸರು ತೆಗೆಯಬೇಕೆಂದು ಅವಳು ಒಂದು ಕಾಗದ ಬರೆದು ತಂದಿದ್ದಳು. ಅದಕ್ಕೆ ಹಿರಿಯ ವಕೀಲ ಸಂಗಯ್ಯನವರ ರುಜು ಬೇಕಿತ್ತು. ಅವಳು ಕೆಲಸ ಕಲಿತದ್ದು ಅವರ ಬಳಿ. ಅವರನ್ನು ಗುರುಗಳೇ ಎಂದು ಕರೆಯುತ್ತಿದ್ದುದೂ ಅದಕ್ಕೇ.

ಸಂಗಯ್ಯನವರು ಕಾಗದ ಓದಲಿಲ್ಲ. ಒಂದು ಕತೆ ಹೇಳುತ್ತೇನೆ ಎಂದರು. "ನನಗೆ ಕತೆ ಹೇಳಲು ಬರುವುದಿಲ್ಲ, ಮೊದಲೇ ಕ್ಷಮಿಸಿಬಿಡು. ವಾದ ಮಾಡಿ ಮಾಡಿ, ಒಂದು ಮಾತಿಗೆ ಮೂರು ವಿವರಣೆ ಕೊಡುವ ಚಾಳಿ ಅಂಟಿಕೊಂಡಿದೆ."

ಆಮೇಲೆ ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸೂಲಗಿತ್ತಿ ಎಂದರೆ ಹೆರಿಗೆ ಮಾಡಿಸುವವಳು. ಆಸ್ಪತ್ರೆ ದೂರವಿದ್ದ ಕಾಲ; ಆ ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಮೊದಲು ಅತ್ತವರು. ಒಬ್ಬ ವ್ಯಾಪಾರಿಯ ಹಿತ್ತಲಿನಲ್ಲಿ ಅವಳ ಮನೆ. ಬಹಳ ವರ್ಷಗಳ ಹಿಂದೆ ವ್ಯಾಪಾರಿಯ ತಾಯಿ, ಇದು ನಿನ್ನದೇ, ಇಲ್ಲೇ ಇರು ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದಳು. ಬಾಯಿಮಾತು ಎಂದರೆ ಕಾಗದವಿಲ್ಲ ಎಂದರ್ಥ. ತೊಡಕೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಆ ತಾಯಿ ತೀರಿಕೊಂಡಳು. ಸೂಲಗಿತ್ತಿಗೂ ಕೈ ನಡುಗುವ ವಯಸ್ಸಾಯಿತು. ವ್ಯಾಪಾರಿಗೆ ಆ ಜಾಗದಲ್ಲಿ ಗೋದಾಮು ಕಟ್ಟುವ ಆಸೆ. ಇವಳು ಬಂದು ಮೂರೇ ವರ್ಷವಾಯಿತು, ಪಾಪ ಎಂದು ಇರಗೊಟ್ಟೆ, ಈಗ ಬಿಡಿಸಿಕೊಡಿ ಎಂದು ಅವನು ದಾವೆ ಹಾಕಿದ. ಸೂಲಗಿತ್ತಿಗೆ ನೋಟೀಸು ಬಂತು. ಗೊತ್ತುಮಾಡಿದ ದಿನ ಹೋಗಿ ಉತ್ತರ ಕೊಡದಿದ್ದರೆ ಮನೆ ಕೈತಪ್ಪುತ್ತಿತ್ತು. ಬೇರೆ ಸೂರು ಅವಳಿಗಿರಲಿಲ್ಲ.

ಆ ದಿನ ಅವಳು ನ್ಯಾಯಾಲಯಕ್ಕೆ ಬಂದಳು. ಯಾರೋ ನೆರವಿನ ಕೋಣೆ ತೋರಿಸಿ, ಬೋರ್ಡು ಓದಿ ಹೇಳಿದರು. ಉಚಿತ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಹೊಸ್ತಿಲ ಹೊರಗೆ ನಿಂತುಬಿಟ್ಟಳು. ದುಡಿದು ಬದುಕಿದವಳಿಗೆ ಅದು ಭಿಕ್ಷೆಯೆಂದು ಕೇಳಿಸಿತು. ಅವಳ ಬಗಲಲ್ಲಿ ಒಂದು ಹಿತ್ತಾಳೆಯ ಬೋಗುಣಿ ಇತ್ತು. ಎಷ್ಟೋ ಮಕ್ಕಳ ಮೊದಲ ಸ್ನಾನದ ನೀರು ಹಿಡಿದ ಬೋಗುಣಿ ಅದು. ಹೊಸ್ತಿಲಾಚೆಯಿಂದಲೇ ಅದನ್ನು ಒಳಕ್ಕೆ ತಳ್ಳಿ, ಇದನ್ನು ಇಟ್ಟುಕೊಂಡರೆ ನನ್ನ ಪರವಾಗಿ ಮಾತಾಡು, ಇಲ್ಲದಿದ್ದರೆ ಬೇಡ ಎಂದು ಒಳಗೆ ಕುಳಿತಿದ್ದ ವಕೀಲನಿಗೆ ಹೇಳಿದಳು.

ವಕೀಲ ಬೋಗುಣಿ ಮುಟ್ಟಲಿಲ್ಲ. ಅವಳು ಅದನ್ನು ಎತ್ತಿಕೊಂಡು ಹೊರಟಳು.

"ನಿಲ್ಲಜ್ಜಿ. ಹೆರಿಗೆ ಮಾಡಿಸಲು ನೀನು ಎಷ್ಟು ತೆಗೆದುಕೊಳ್ಳುತ್ತಿದ್ದೆ?"

ಅವಳು ತಿರುಗಿದಳು. "ಎಲೆ ಅಡಿಕೆ, ಒಂದು ರವಿಕೆ ಕಣ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ನೋವು ತಿನ್ನುವವರ ಮುಂದೆ ಕೈಯೊಡ್ಡುವುದು ಉಚಿತವಲ್ಲ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದಳಪ್ಪ."

"ನಿಮ್ಮತ್ತೆಯ ಮಾತನ್ನೇ ಆ ಬೋರ್ಡಿನ ಮೇಲೆ ಬರೆಸಿದ್ದಾರೆ, ಅಜ್ಜಿ."

ಸೂಲಗಿತ್ತಿ ಬೋರ್ಡಿನ ಕಡೆಗೊಮ್ಮೆ ನೋಡಿದಳು. ಓದಲು ಬಾರದಿದ್ದರೂ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದಳು.

ವಿಚಾರಣೆ ನಡೆಯಿತು. ವಕೀಲನ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಅವನು ಕಟಕಟೆಯಲ್ಲಿದ್ದ ವ್ಯಾಪಾರಿಯನ್ನು, ನೀವು ಹುಟ್ಟಿದ್ದು ಎಲ್ಲಿ ಎಂದು ಕೇಳಿದ. ನಮ್ಮ ಮನೆಯಲ್ಲೇ ಎಂದ ವ್ಯಾಪಾರಿ. ಹೆರಿಗೆ ಮಾಡಿಸಿದ್ದು ಯಾರು ಎಂದರೆ ಇವಳೇ ಎಂದ. ಅವಳನ್ನು ಎಲ್ಲಿಂದ ಕರೆತಂದರು ಎಂದು ವಕೀಲ ಕೇಳಿದ. ವ್ಯಾಪಾರಿಗೆ ತನ್ನ ಹುಟ್ಟಿನ ಕತೆ ಹೇಳುವುದೆಂದರೆ ಹಿಗ್ಗು. "ಕರೆತರುವುದೇನು ಬಂತು? ನಮ್ಮಮ್ಮ ಹಿತ್ತಲ ಗೋಡೆ ತಟ್ಟಿದಳಂತೆ, ಇವಳು ಎದ್ದು ಬಂದಳಂತೆ" ಎಂದ.

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಅವನಿಗೆ ಆಗ ಐವತ್ತೆರಡು ವರ್ಷ. ಮೂರು ವರ್ಷದ ಮಾತು ಅಲ್ಲಿಗೆ ಬಿದ್ದುಹೋಯಿತು. ದಾವೆ ವಜಾ ಆಯಿತು. ಸೂಲಗಿತ್ತಿ ಬೋಗುಣಿ ಹಿಡಿದುಕೊಂಡು ತನ್ನ ಮನೆಗೆ ಹೋದಳು.

ಕತೆ ಅಲ್ಲಿಗೆ ಮುಗಿಯಿತು. ಸಂಗಯ್ಯನವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕಸ್ತೂರಿಗೆ ತಿಳಿಯಿತೋ ಇಲ್ಲವೋ ಎಂಬ ಅನುಮಾನ ಅವರಿಗೆ.

"ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಚಿತ ಎಂಬುದಕ್ಕೆ ಎರಡು ಅರ್ಥ. ಬೆಲೆ ಕೊಡಬೇಕಾಗಿಲ್ಲದ್ದು ಎಂಬುದು ಒಂದು. ತಕ್ಕದ್ದು ಎಂಬುದು ಇನ್ನೊಂದು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಂತೆಯಲ್ಲಿ ಸೊಪ್ಪಿನವಳು ಕೊಸರು ಹಾಕುತ್ತಾಳೆ, ಅದಕ್ಕೂ ಬೆಲೆಯಿಲ್ಲ, ಆದರೆ ಅದನ್ನು ನಾವು..."

ಜವಾನ ಬಾಗಿಲಲ್ಲಿ ತಲೆ ಹಾಕಿದ. ಸಂಗಯ್ಯನವರ ಕೇಸು ಕೂಗಿದರು, ಬೇಗ ಬರಬೇಕು ಎಂದ. ಹಾಗೆಯೇ ಕಸ್ತೂರಿಯ ಕಡೆ ತಿರುಗಿ, ಬೆಳಿಗ್ಗೆ ಬಂದಿದ್ದ ಅಜ್ಜ ಇನ್ನೂ ನೆರವಿನ ಕೋಣೆಯ ಹೊಸ್ತಿಲ ಹೊರಗೇ ನಿಂತಿದ್ದಾರೆ ಎಂದ.

ಸಂಗಯ್ಯನವರು ಕಪ್ಪು ಕೋಟು ಹಾಕಿಕೊಂಡು ಎದ್ದರು. ಕಸ್ತೂರಿ ರುಜುವಿಗೆಂದು ಕಾಗದ ಮುಂದೆ ಚಾಚಿದಳು. ಅವರು ಬಾಗಿಲವರೆಗೆ ಹೋಗಿ ನಿಂತರು.

"ನೀನು ಹುಟ್ಟಿದ ದಿನ, ನಿನ್ನನ್ನು ಮೊದಲು ಎತ್ತಿಕೊಂಡ ಕೈಗೆ ಏನು ಕೊಟ್ಟೆ, ಕಸ್ತೂರಿ?"

ಚಾಚಿದ ಕಾಗದ ಅವಳ ಕೈಯಲ್ಲೇ ಉಳಿಯಿತು. ಅದನ್ನು ಮಡಚಿಕೊಂಡು ಅವಳು ನೆರವಿನ ಕೋಣೆಯ ಕಡೆ ನಡೆದಳು.