ಗೆರೆಯಿಲ್ಲದ ಗೋಡೆ

"ಸರ್, ಈ ತಿಂಗಳು ನಮ್ಮ ಲ್ಯಾಬಿಗೆ ಕೆಟ್ಟ ಸ್ಯಾಂಪಲ್ ಒಂದೂ ಬಂದಿಲ್ಲ. ಮೊದಲು ತಿಂಗಳಿಗೆ ಮೂವತ್ತು ನಲವತ್ತು ಬರುತ್ತಿದ್ದವು. ಇದನ್ನು ಕೇಳಿ ನಿಮ್ಮ ಮುಖ ಯಾಕೆ ಬಾಡಿತು?"

ಕೇಳಿದವನು ಭಾನುಪ್ರಕಾಶ. ವಾರ್ಡುಗಳಿಂದ ಬರುವ ರಕ್ತ, ಮೂತ್ರವನ್ನು ಪರೀಕ್ಷೆಗೆ ಮುನ್ನ ನೋಡುವುದು ಅವನ ಕೆಲಸ. ಹೆಸರಿಲ್ಲದ ಟ್ಯೂಬು, ಹೆಪ್ಪುಗಟ್ಟಿದ ರಕ್ತ, ತಡವಾಗಿ ಬಂದದ್ದು, ಇಂಥವನ್ನು ಹಿಂದಕ್ಕೆ ಕಳಿಸಿ ಪುಸ್ತಕದಲ್ಲಿ ಬರೆದಿಡಬೇಕು. ಆ ಕೆಲಸವನ್ನು ಅವನಿಗೆ ಕಲಿಸಿದವರು ಸಿಂಗ್ರಯ್ಯ ಮೇಷ್ಟ್ರು.

"ಒಂದೂ ಬರದ ಹಾಗೆ ಏನು ಮಾಡಿದೆಯಪ್ಪಾ?" ಎಂದರು ಮೇಷ್ಟ್ರು.

"ತಪ್ಪು ಮಾಡಿದವರ ಹೆಸರು ಬರೆದು ಬಾಗಿಲಿಗೆ ಅಂಟಿಸಿದೆ. ಒಂದೇ ವಾರದಲ್ಲಿ ಎಲ್ಲರೂ ದಾರಿಗೆ ಬಂದರು."

"ಭಲೇ" ಎಂದ ಮೇಷ್ಟ್ರು ನಗಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಸಿಹಿಮೂತ್ರದ ರೋಗ ಇದೆಯೋ ಇಲ್ಲವೋ ತಿಳಿಯಲು ರೋಗಿಯ ಮೂತ್ರವನ್ನು ಅಗಲವಾದ ಬೋಗುಣಿಯಲ್ಲಿಟ್ಟು, ಇರುವೆ ಬರುತ್ತವೆಯೇ ಎಂದು ಕಾಯುತ್ತಿದ್ದ. ಅವನ ಕಾಲದ ಯಂತ್ರ ಅದು. ಕರೆಂಟೂ ಬೇಡ, ರಿಪೇರಿಯೂ ಬೇಡ. ಬೋಗುಣಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕುತ್ತಿದ್ದ. ಪಕ್ಕದ ಬೋಗುಣಿಯಲ್ಲಿ ತನ್ನದೇ ಮೂತ್ರ ಇಡುತ್ತಿದ್ದ. ಅದಕ್ಕೂ ಇರುವೆ ಮುತ್ತಿದರೆ ಆ ದಿನ ಪರೀಕ್ಷೆಯೇ ಇಲ್ಲ. ಅವನ ಅಂಗಳದಲ್ಲಿ ತಪ್ಪು ಹುಡುಕುವುದೆಂದರೆ ಮೊಸರಲ್ಲಿ ಕಲ್ಲು ಹುಡುಕಿದಂತೆ.

ಆದರೆ ಮೂತ್ರ ಅಂಗಳಕ್ಕೆ ಬರುತ್ತಿದ್ದದ್ದು ಹಳ್ಳಿಗಳಿಂದ, ಮಣ್ಣಿನ ಕುಡಿಕೆಗಳಲ್ಲಿ. ಕುಡಿಕೆ ಹೊಸದೇ ಆಗಿರಬೇಕು ಎಂದು ವೈದ್ಯ ವಿಧಿಸಿದ್ದ. ಯಾರಾದರೂ ಹಳೆಯದು ತಂದರೆ ಹಿಂದೆ ಕಳಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದ. ತಿಂಗಳಿಗೆ ಹತ್ತು ಹನ್ನೆರಡು ಗೆರೆ ಬೀಳುತ್ತಿದ್ದವು. ಆ ಗೆರೆಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

ಒಂದು ದಿನ ಒಬ್ಬ ಕುರುಬ ಬಂದು ತಾನಾಗಿಯೇ ಹೇಳಿದ: "ಪಂಡಿತರೇ, ದಾರೀಲಿ ಕುಡಿಕೆ ಸೀಳು ಬಿಡ್ತು. ಯಾರದೋ ಮನೇಲಿ ಹಳೇದು ಇಸ್ಕೊಂಡು ಅದಕ್ಕೆ ಸುರ್ಕೊಂಡು ಬಂದೆ."

ವೈದ್ಯ ಅವನನ್ನು ಎಲ್ಲರೆದುರು ಕತ್ತೆ ಎಂದು ಬೈದ. ಕುಡಿಕೆಯನ್ನು ಅಂಗಳದಾಚೆ ಎಸೆದು ಒಡೆದ. ಸಾಲಿನಲ್ಲಿ ನಿಂತವರೆಲ್ಲ ನೋಡಿದರು. ಮರುದಿನದಿಂದ ಗೆರೆ ಎಳೆಯುವ ಪ್ರಸಂಗವೇ ಬರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ವೈದ್ಯ ಗೋಡೆಗೆ ಸುಣ್ಣ ಹೊಡೆಸಿದ. ಬಂದವರಿಗೆಲ್ಲ ಆ ಬಿಳಿ ಗೋಡೆ ತೋರಿಸಿ ಹಿಗ್ಗುತ್ತಿದ್ದ.

ಆಮೇಲೆ ಒಬ್ಬ ನೇಕಾರ ತನ್ನ ಹೆಂಡತಿಯ ಮೂತ್ರ ತಂದ. ಅವಳು ಎರಡು ತಿಂಗಳ ಬಾಣಂತಿ. ಸುಸ್ತು, ಬಾಯಾರಿಕೆ. ಅವಳಿಗೆ ಬೇಕಿದ್ದದ್ದು ಹೊಟ್ಟೆ ತುಂಬ ಊಟ, ಅಷ್ಟೇ. ಆದರೆ ಬೋಗುಣಿಗೆ ಇರುವೆಗಳು ಸಾಲುಗಟ್ಟಿ ಬಂದವು. ಪಕ್ಕದ ಬೋಗುಣಿಗೆ ಒಂದೂ ಬರಲಿಲ್ಲ. ಪರೀಕ್ಷೆ ಅಷ್ಟು ಚೊಕ್ಕಟ. ಅನ್ನ, ಹಾಲು, ಬೆಲ್ಲ ಮುಟ್ಟಕೂಡದು, ಹಾಗಲಕಾಯಿ ರಸ ಕುಡಿಯಬೇಕು, ತೆಳು ಹುರುಳಿ ಗಂಜಿ ಸಾಕು ಎಂದು ವೈದ್ಯ ಪಥ್ಯ ಹೇಳಿದ. ನೇಕಾರ ಚಾಚೂ ತಪ್ಪದೆ ನಡೆಸಿದ. ಅವಳು ದಿನದಿಂದ ದಿನಕ್ಕೆ ಇಳಿದುಹೋದಳು.

ವೈದ್ಯ ಅವಳನ್ನು ನೋಡಲು ಹೋದಾಗ ಅವಳನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಕೂಸು ಪಕ್ಕದ ಮನೆಯವರ ಮಡಿಲಲ್ಲಿತ್ತು. ಹಿತ್ತಲಲ್ಲಿ ಒಂದು ಕುಡಿಕೆ ಬೋರಲು ಬಿದ್ದಿತ್ತು. ಖಾಲಿ ಕುಡಿಕೆ. ಆದರೂ ಅದಕ್ಕೆ ಇರುವೆ ಮುತ್ತಿದ್ದವು.

"ಇದರಲ್ಲಿ ಏನಿತ್ತು?" ಎಂದ ವೈದ್ಯ.

"ಜೋನಿ ಬೆಲ್ಲ ಇಡ್ತಿದ್ವಿ. ಅವತ್ತು ಬೆಳಗ್ಗೆ ಹೊಸದು ಒಡೆದೋಯ್ತು. ಇದನ್ನೇ ಎರಡು ಸಲ ತೊಳೆದು ಅದರಲ್ಲಿ ತಂದೆ."

"ಒಂದು ಮಾತು ಹೇಳಬಾರದಿತ್ತೇ? ಇನ್ನೊಮ್ಮೆ ತಾ ಅನ್ನುತ್ತಿದ್ದೆ!"

"ಹೇಳೋಣ ಅಂತ್ಲೇ ಬಂದಿದ್ದೆ, ಪಂಡಿತರೇ. ಆದ್ರೆ ಆ ಕುರುಬನ ಕುಡಿಕೆ ಒಡೆದಿರಲ್ಲ, ಅವತ್ತು ಅವನ ಹಿಂದೆ ನಿಂತಿದ್ದೋನು ನಾನೇ." ನೇಕಾರ ಮತ್ತೆ ಹೇಳಿದ: "ಕೊನೇ ದಿನ ಒಂದು ತುತ್ತು ಬೆಲ್ಲದ ಅನ್ನ ಕೇಳಿದ್ಲು. ನೀವು ಬೇಡ ಅಂದಿದ್ರಿ. ಕೊಡಲಿಲ್ಲ."

ವೈದ್ಯ ಮನೆಗೆ ಬಂದು ಇದ್ದಿಲು ಹಿಡಿದು ಬಿಳಿ ಗೋಡೆಯ ಮುಂದೆ ನಿಂತ. ಒಂದು ಗೆರೆ ಎಳೆದ. ಇನ್ನೆಷ್ಟು ಎಳೆಯಬೇಕೋ ಅವನಿಗೆ ತಿಳಿಯಲಿಲ್ಲ. ಅವನು ಕೆಟ್ಟವನೇನಲ್ಲ, ಕೆಲಸದಲ್ಲಿ ಶ್ರದ್ಧೆಯಿದ್ದವನು. ಅದನ್ನು ನೆನೆದರೇ ನನಗೆ ಹೆಚ್ಚು ಸಂಕಟವಾಗುತ್ತದಪ್ಪಾ.

ಮೇಷ್ಟ್ರು ಕತೆ ನಿಲ್ಲಿಸಿದರು. ಭಾನುಪ್ರಕಾಶ ತಲೆ ತಗ್ಗಿಸಿ, "ಈಗಲೇ ಹೋಗಿ ಬಾಗಿಲ ಮೇಲಿನ ಚೀಟಿ ಹರಿದು ಹಾಕುತ್ತೇನೆ, ಸರ್" ಎಂದು ಎದ್ದ.

"ಚೀಟಿ ಹರಿಯಬಹುದಪ್ಪಾ, ಈ ತಿಂಗಳು ತಪ್ಪು ಮುಚ್ಚಿಟ್ಟು ಕಳಿಸಿದ ಸ್ಯಾಂಪಲ್ಲಿನ ವರದಿ ನಂಬಿ ಅನ್ನ ಬಿಟ್ಟವರು ಯಾರು ಅಂತ ಯಾರನ್ನು ಕೇಳುತ್ತೀಯ?"