ಕಾರಿನೊಳಗೆ ಕೇಳಿಸಿದ ಮಾತು

"ಗುರುಗಳೇ," ಎಂದು ಚನ್ನವೀರ ಕೇಳಿದ, "ಒಬ್ಬರ ಬೆನ್ನ ಹಿಂದೆ ಏನೋ ಒಂದು ಮಾತು ಆಡಿದೆವು ಎನ್ನಿ. ಅದು ಅವರ ಕಿವಿಗೆ ಬೀಳಲೇ ಇಲ್ಲ. ಅವರಿಗೆ ನೋವಿಲ್ಲ, ನಮಗೂ ನಷ್ಟವಿಲ್ಲ. ಮತ್ತೆ ಅದರಲ್ಲಿ ತಪ್ಪೇನು?"

ಗುರುಗಳು ಶಿಷ್ಯನನ್ನು ಒಮ್ಮೆ ನೋಡಿ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಒಂದು ಹಳೆಯ ಕಾರಿತ್ತು. ಹೊಸದು ಕೊಳ್ಳಲು ಅವನಿಗೆ ಮನಸ್ಸಿಲ್ಲ, ಹಳೆಯದರಲ್ಲಿ ಓಡಾಡಲು ಮುಜುಗರ. ಕೊನೆಗೆ ಮೆಕ್ಯಾನಿಕ್ಕನ ಹತ್ತಿರ ಹೋಗಿ, ಡ್ಯಾಶ್‌ಬೋರ್ಡಿನಲ್ಲಿ ಕೆಟ್ಟು ಕೂತಿದ್ದ ರೇಡಿಯೊ ಕೀಳಿಸಿ, ಆ ಜಾಗವನ್ನು ಅಗಲವಾಗಿ ಕೊಯ್ಯಿಸಿ, ಒಂದು ಟ್ಯಾಬ್ಲೆಟ್ ಕೂರಿಸಿಕೊಂಡ. ಹಾಡು ಅದರಲ್ಲೇ, ದಾರಿಯೂ ಅದರಲ್ಲೇ. ಫೋನ್ ಬಂದರೆ ತಾನೇ ಎತ್ತಿಕೊಂಡು ಮಾತನ್ನು ಕಾರಿನ ಸ್ಪೀಕರುಗಳಿಗೆ ಕೊಡುತ್ತಿತ್ತು. ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಿಕ್ಕವರನ್ನೆಲ್ಲ ಕಾರಿಗೆ ಹತ್ತಿಸಿಕೊಂಡು ತೋರಿಸಿದ.

ಆಗ ಅವನ ಸೋದರತ್ತೆ ಅವನ ಮನೆಯಲ್ಲಿದ್ದಳು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆಕೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದರ ಆಪರೇಷನ್ ಆಗಿತ್ತು. ಊರಿಗೆ ಹೋಗಿ ಬಂದು ಇನ್ನೊಂದನ್ನು ಮಾಡಿಸಿಕೊಳ್ಳುವುದೆಂದು ಮಾತಾಗಿತ್ತು. ವ್ಯಾಪಾರಿ ಆಕೆಯ ಎದುರಿಗೆ ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ. ಅಂಗಡಿಗೆ ಹೋದ ಮೇಲೆ ಮಾತ್ರ ಪಕ್ಕದ ಅಂಗಡಿಯ ಗೆಳೆಯನ ಮುಂದೆ ನಾಲಗೆ ಸಡಿಲ ಬಿಡುತ್ತಿದ್ದ.

ಅತ್ತೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟಾಗ ಆಕೆಯನ್ನು ಹಿಂದಿನ ಸೀಟಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂರಿಸಿದ. ಹಾಡು ಚೆನ್ನಾಗಿ ಕೇಳಲಿ ಎಂದು. ಅರ್ಧ ದಾರಿಯಲ್ಲಿ ಹಾಡು ನಿಂತು ಗೆಳೆಯನ ದನಿ ಬಂತು.

"ಏನಪ್ಪಾ, ನಿಮ್ಮತ್ತೆ ಹೊರಟ್ಲಾ? ಮುದುಕಿಗೆ ಬಡಿಸೀ ಬಡಿಸೀ ಸಾಕಾಯ್ತು, ಇನ್ನೊಂದು ಕಣ್ಣಿನ ನೆಪದಲ್ಲಿ ಮತ್ತೆ ಬಂದು ವಕ್ಕರಿಸ್ತಾಳೆ ಅಂತ ನಿನ್ನೆ ಗೋಳಾಡ್ತಿದ್ದೆಯಲ್ಲ!"

ವ್ಯಾಪಾರಿ ಗಾಬರಿಯಿಂದ ಪರದೆಯನ್ನು ತಡಕಿದ. ಬೆರಳು ಎಲ್ಲೋ ಬಿತ್ತು. ಗೆಳೆಯನ ನಗು ಇನ್ನೂ ಜೋರಾಗಿ ಕಾರು ತುಂಬಿತು. ಅದನ್ನು ಆರಿಸುವಷ್ಟರಲ್ಲಿ ಅವನು ನಾಚಿಕೆಯಿಂದ ಹಿಡಿಯಷ್ಟಾಗಿದ್ದ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವ ಧೈರ್ಯ ಬರಲಿಲ್ಲ. ಗೆಳೆಯನನ್ನು ಬೈಯುವಂತೆಯೂ ಇಲ್ಲ. ತನ್ನದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

ಬಸ್ಸು ಹತ್ತಿಸುವಾಗ ಕಷ್ಟಪಟ್ಟು ಬಾಯಿ ಬಿಟ್ಟ. "ಅತ್ತೆ, ಮುಂದಿನ ತಿಂಗಳು ನಾನೇ ಬಂದು ಕರ್ಕೊಂಡು ಬರ್ತೀನಿ."

"ಬೇಡ ಕಂದಾ," ಎಂದು ಆಕೆ ಅವನ ಕೆನ್ನೆ ಸವರಿದಳು. "ಒಂದು ಕಣ್ಣು ಕಾಣುತ್ತಲ್ಲ, ಸಾಕು."

ಅಲ್ಲಿಂದ ನೇರ ಮೆಕ್ಯಾನಿಕ್ಕನ ಬಳಿ ಹೋಗಿ ವ್ಯಾಪಾರಿ ಟ್ಯಾಬ್ಲೆಟ್ ಕಿತ್ತುಹಾಕಿಸಿದ. ಡ್ಯಾಶ್‌ಬೋರ್ಡಿನಲ್ಲಿ ತೂತು ಹಾಗೇ ಉಳಿಯಿತು. ಮುಂದಿನ ತಿಂಗಳು ಅತ್ತೆಯ ಊರಿಗೆ ಹೊರಟವನು ಅರ್ಧ ದಾರಿಯಿಂದ ಹಿಂತಿರುಗಿದ. ಯಾವ ಮುಖ ಹೊತ್ತು ಆಕೆಯ ಬಾಗಿಲಲ್ಲಿ ನಿಲ್ಲುವುದು? ಆಕೆಯೂ ಬರಲಿಲ್ಲ. ಪೊರೆ ಬಲಿತು ಆ ಇನ್ನೊಂದು ಕಣ್ಣು ಕಾಣದೇ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ತಪ್ಪೆಲ್ಲ ಆ ಟ್ಯಾಬ್ಲೆಟ್ಟಿನದೇ ಅಲ್ಲವೇ? ಅದೊಂದು ಇಲ್ಲದಿದ್ದರೆ ಆಕೆಗೆ ಮಾತು ಕೇಳಿಸುತ್ತಿರಲಿಲ್ಲ, ಕಣ್ಣೂ ಉಳಿಯುತ್ತಿತ್ತು."

ಗುರುಗಳು ಹೇಳಿದರು: "ನಿನ್ನೆ ನೀನು ನನ್ನನ್ನು ಆಡಿಕೊಂಡದ್ದು ಅಡುಗೆಮನೆಯ ಕಿಟಕಿಯಿಂದ ನನಗೆ ಕೇಳಿಸಿತು, ನಾಳೆ ಆ ಕಿಟಕಿಯನ್ನು ಮುಚ್ಚಿಸಿಬಿಡೋಣ, ಮಗು."